ಕೆಲಸಕ್ಕೆ ಯಾವ ಕಂಪ್ಯೂಟರ್? ಖರ್ಚು ಮತ್ತು ಬಾಳಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಮತ್ತು ಸುತ್ತಮುತ್ತಲ ಸಣ್ಣ ಆಫೀಸ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಪ್ರಿಂಟಿಂಗ್ ಪ್ರೆಸ್, ಆಡಿಟರ್ ಆಫೀಸ್, ಅಡಿಕೆ ಮಂಡಿ, ಶಾಲೆ, ಒಂದೆರಡು ಕ್ಲಿನಿಕ್. ಹೊಸ ಸಿಸ್ಟಮ್ ತಗೊಳ್ಳುವ ಮುಂಚೆ ಎಲ್ಲರೂ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಬಿಡಿಸಿ ಬರೆದಿದ್ದೇನೆ. ಮನೆಯಲ್ಲಿ ಸಿನಿಮಾ ನೋಡುವ, ಗೇಮ್ ಆಡುವ ಕಂಪ್ಯೂಟರ್ ವಿಷಯ ಇಲ್ಲಿ ಇಲ್ಲ. ದಿನಾ ಎಂಟು ಗಂಟೆ ದುಡಿಯಬೇಕಾದ ಯಂತ್ರದ ಮಾತು ಮಾತ್ರ.

ವಿಂಡೋಸ್, ಮ್ಯಾಕ್, ಲಿನಕ್ಸ್, ಕ್ರೋಮ್‌ಬುಕ್. ಯಾವುದು ಒಳ್ಳೆಯದು, ಒಂದೇ ಮಾತಲ್ಲಿ ಹೇಳಿ.

ಮೊದಲು ನೀವು ಹೇಳಿ, ದಿನಾ ಯಾವ ಸಾಫ್ಟ್‌ವೇರ್ ಬಳಸುತ್ತೀರಿ? ಲೆಕ್ಕಪತ್ರದ ಟ್ಯಾಲಿ, ಕನ್ನಡ ಟೈಪಿಂಗ್‌ನ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್‌ನ ಹಳೆಯ ಫೈಲ್‌ಗಳು, ಡಿಜಿಟಲ್ ಸಹಿ ಹಾಕುವ ಡಾಂಗಲ್ (ಯುಎಸ್‌ಬಿ ಕಡ್ಡಿ) ಇದ್ದರೆ ವಿಂಡೋಸ್. ವಿಡಿಯೋ ಎಡಿಟಿಂಗ್, ಫೋಟೋ, ಡಿಸೈನ್, ಬರವಣಿಗೆ ಅಂದರೆ ಮ್ಯಾಕ್ ಚೆನ್ನಾಗಿರುತ್ತದೆ. ಬ್ರೌಸರ್, ಇಮೇಲ್, ಪತ್ರ ವ್ಯವಹಾರ ಇಷ್ಟೇ ಆದರೆ ವಿಂಡೋಸ್ ಬದಲು ಬಿಟ್ಟಿ ಹಾಕಿಕೊಳ್ಳಬಹುದಾದ ಲಿನಕ್ಸ್ ಸಾಕು, ದುಡ್ಡೂ ಉಳಿಯುತ್ತದೆ.

ಒಂದು ಹಾಳೆ ತಗೊಳ್ಳಿ. ಒಂದು ವಾರ ನಿಮ್ಮ ಆಪರೇಟರ್ ಯಾವ ಯಾವ ಪ್ರೋಗ್ರಾಮ್ ತೆರೆಯುತ್ತಾರೆ, ಯಾವ ಪ್ರಿಂಟರ್‌ಗೆ ಕಳಿಸುತ್ತಾರೆ, ಯಾವ ಸರ್ಕಾರಿ ವೆಬ್‌ಸೈಟ್‌ಗೆ ಹೋಗುತ್ತಾರೆ, ಬರೆದಿಡಿ. ಆ ಹಾಳೆ ಕೈಯಲ್ಲಿ ಹಿಡಿದು ಅಂಗಡಿಗೆ ಹೋದರೆ ಅರ್ಧ ತಪ್ಪುಗಳು ಅಲ್ಲೇ ತಪ್ಪುತ್ತವೆ. ಎಲ್ಲರೂ ಮೊದಲು ಯಂತ್ರ ತಂದು ಆಮೇಲೆ ಅದರಲ್ಲಿ ಕೆಲಸ ನಡೆಯುತ್ತದೋ ಇಲ್ಲವೋ ನೋಡುತ್ತಾರೆ. ನಾನು ಕಂಡ ದೊಡ್ಡ ನಷ್ಟಗಳೆಲ್ಲ ಅಲ್ಲಿಂದಲೇ ಶುರುವಾಗಿವೆ.

ಖರ್ಚನ್ನು ಹೇಗೆ ಹೋಲಿಸಬೇಕು? ಅಂಗಡಿಯವರು ಹೇಳುವ ರೇಟ್ ನೋಡಿದರೆ ಸಾಲದಾ?

ಸಾಲದು. ನಾನು ವರ್ಷಕ್ಕೆ ಎಷ್ಟು ಬಿತ್ತು ಅಂತ ನೋಡುತ್ತೇನೆ. ಕೊಂಡ ಬೆಲೆಗೆ ರಿಪೇರಿ ಖರ್ಚು ಸೇರಿಸಿ, ಕೊನೆಗೆ ಮಾರಿದಾಗ ಬರುವ ದುಡ್ಡು ಕಳೆಯಿರಿ. ಎಷ್ಟು ವರ್ಷ ಬಳಸುತ್ತೀರೋ ಅಷ್ಟರಿಂದ ಭಾಗಿಸಿ. ಅದಕ್ಕೆ ವರ್ಷದಲ್ಲಿ ಕೆಲಸ ನಿಂತ ದಿನಗಳ ನಷ್ಟ ಸೇರಿಸಿ. ಈ ಕೊನೆಯ ಬಾಬ್ತನ್ನು ಯಾರೂ ಸೇರಿಸುವುದಿಲ್ಲ. ಆದರೆ ಎಲ್ಲವನ್ನೂ ತಿರುಗಿಸುವುದು ಅದೇ.

ಒಂದು ಉದಾಹರಣೆ ಮಾಡೋಣ. ಇವು ನಾನು ಅಂದಾಜಿಗೆ ಹಿಡಿದ ಅಂಕಿಗಳು, ನಿಮ್ಮವನ್ನು ಹಾಕಿ ನೋಡಿ. ಕಂಪ್ಯೂಟರ್ ನಿಂತರೆ ಒಂದು ದಿನಕ್ಕೆ 1,500 ರೂಪಾಯಿ ನಷ್ಟ ಎಂದಿಟ್ಟುಕೊಳ್ಳಿ. ಆಪರೇಟರ್ ಸಂಬಳ, ತಪ್ಪಿದ ಕೆಲಸ ಎಲ್ಲ ಸೇರಿ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ 22,000. ಮೂರು ವರ್ಷ ಬಳಕೆ, ರಿಪೇರಿ 5,000, ಕೊನೆಗೆ 4,000ಕ್ಕೆ ಮಾರಾಟ. ವರ್ಷಕ್ಕೆ ಸುಮಾರು 7,670 ಬಿತ್ತು. ವರ್ಷದಲ್ಲಿ ಮೂರು ದಿನ ನಿಂತರೆ 4,500. ಒಟ್ಟು ವರ್ಷಕ್ಕೆ 12,170.

ಹೊಸ ಬಿಸಿನೆಸ್ ಲ್ಯಾಪ್‌ಟಾಪ್ 48,000. ಆರು ವರ್ಷ ಬಳಕೆ, ನಡುವೆ ಬ್ಯಾಟರಿ, ಎಸ್‌ಎಸ್‌ಡಿ (ಫೈಲ್‌ಗಳು ಕೂರುವ ಡಿಸ್ಕ್) ಬದಲಿಸಲು 9,000, ಕೊನೆಗೆ 6,000 ವಾಪಸ್. ವರ್ಷಕ್ಕೆ 8,500. ಒಂದು ದಿನ ನಿಂತರೆ ಒಟ್ಟು 10,000.

ಮ್ಯಾಕ್ ಮಿನಿ. ಎಂ4 ಮಾದರಿ 2024ರಲ್ಲಿ ಭಾರತಕ್ಕೆ ಬಂದಾಗ 59,900 ಇತ್ತು. ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಸೇರಿ 74,400 ಅಂದುಕೊಳ್ಳಿ. ಏಳು ವರ್ಷ ಬಳಕೆ, ಯುಪಿಎಸ್ ಬ್ಯಾಟರಿಗಳಿಗೆ 2,400, ಕೊನೆಗೆ 12,000 ವಾಪಸ್. ವರ್ಷಕ್ಕೆ ಸುಮಾರು 9,260. ಅರ್ಧ ದಿನ ನಿಂತರೆ 750. ಒಟ್ಟು 10,010.

ನೋಡಿದಿರಾ? ಅಂಗಡಿಯಲ್ಲಿ 22 ಸಾವಿರಕ್ಕೂ 74 ಸಾವಿರಕ್ಕೂ ಅಷ್ಟು ಅಂತರ ಇತ್ತು. ವರ್ಷದ ಲೆಕ್ಕಕ್ಕೆ ಇಳಿಸಿದರೆ ಅಗ್ಗದ್ದೇ ಮೇಲೆ ಕೂತಿತು. ಸೆಕೆಂಡ್ ಹ್ಯಾಂಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಮೂರರ ಬದಲು ಒಂದೇ ದಿನ ನಿಂತರೆ 9,170 ಆಗಿ ಅದೇ ಗೆಲ್ಲುತ್ತದೆ. ಅಂದರೆ ನಿಂತ ದಿನಗಳನ್ನು ಕಡಿಮೆ ಮಾಡುವುದೇ ಅಸಲಿ ಉಳಿತಾಯ.

ನಿಂತ ದಿನದ ನಷ್ಟ ಅಷ್ಟೊಂದಾ? ಒಂದು ದಿನ ತಾನೇ.

ಲಗ್ನದ ಸೀಸನ್ನಿನಲ್ಲಿ ಒಂದು ಪ್ರೆಸ್‌ಗೆ ಹೋಗಿದ್ದೆ. ಸಿಸ್ಟಮ್ ಆನ್ ಮಾಡಿದರೆ ಒಳಗಿಂದ ಟಿಕ್ ಟಿಕ್ ಸದ್ದು, ಗೋಡೆ ಗಡಿಯಾರದ ಹಾಗೆ. ಹಾರ್ಡ್ ಡಿಸ್ಕಿನ ಮುಳ್ಳು ಮತ್ತೆ ಮತ್ತೆ ಓದಲು ಹೋಗಿ ವಾಪಸ್ ಬರುವ ಸದ್ದು ಅದು. ಡಿಸ್ಕ್ ಹತ್ತು ವರ್ಷ ಹಳೆಯದು. ಹನ್ನೊಂದು ಲಗ್ನಪತ್ರಿಕೆಗಳ ಫೈಲ್ ಅದರಲ್ಲಿತ್ತು. ಬ್ಯಾಕಪ್ ಇರಲಿಲ್ಲ. ಟೇಬಲ್ ಮೇಲೆ ಅರಿಶಿನ ಹಚ್ಚಿದ ಹಸ್ತಪ್ರತಿಗಳು, ಪಕ್ಕದಲ್ಲಿ ಮಗಳ ಮದುವೆಯ ಪತ್ರಿಕೆಗೆ ಕಾಯುತ್ತ ಕೂತಿದ್ದ ಒಬ್ಬ ಅಪ್ಪ.

ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್, ಫಾಂಟ್‌ಗಳು, ಪ್ರಿಂಟರ್ ಎಲ್ಲ ಕೂರಿಸಲು ಒಂದು ದಿನ ಹಿಡಿಯಿತು. ಪತ್ರಿಕೆಗಳನ್ನು ಮತ್ತೆ ಟೈಪ್ ಮಾಡಿ, ಕರಡು ತಿದ್ದಿಸಿ, ಪ್ಲೇಟ್‌ಗೆ ಕಳಿಸಲು ಇನ್ನೆರಡು ದಿನ. ಇಬ್ಬರು ಗಿರಾಕಿಗಳು ಬೇರೆ ಪ್ರೆಸ್‌ಗೆ ಹೋದರು. ಅವರು ಮುಂದಿನ ವರ್ಷವೂ ಬರಲಿಲ್ಲ. ಆ ಡಿಸ್ಕನ್ನು ಹಿಂದಿನ ವರ್ಷವೇ ಬದಲಿಸಲು ಎರಡು ಸಾವಿರ ಚಿಲ್ಲರೆ ಸಾಕಾಗಿತ್ತು.

ಆಡಿಟರ್ ಆಫೀಸ್‌ಗಾದರೆ 20ನೇ ತಾರೀಖು ಇದೇ ಥರ. ತಿಂಗಳ ಜಿಎಸ್‌ಟಿ 3ಬಿ ರಿಟರ್ನ್‌ಗೆ ಅದು ಕೊನೇ ದಿನ. ಆವತ್ತು ಸಿಸ್ಟಮ್ ನಿಂತರೆ ಲೇಟ್ ಫೀ, ಬಡ್ಡಿ ಕಟ್ಟಬೇಕಾದವರು ಗಿರಾಕಿಗಳು. ಬೈಗುಳ ಮಾತ್ರ ಆಡಿಟರ್‌ಗೆ. ವರ್ಷದ 300 ದಿನಗಳೂ ಒಂದೇ ಬೆಲೆಯವಲ್ಲ.

ಮ್ಯಾಕ್ ಕೆಡುವುದೇ ಇಲ್ಲ ಅಂತಾರೆ. ನಿಜಾನಾ?

ಕೆಡುವುದು ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ. ಐಬಿಎಂ ಕಂಪನಿ 2015ರಿಂದ ತನ್ನ ನೌಕರರಿಗೆ ದೊಡ್ಡ ಸಂಖ್ಯೆಯಲ್ಲಿ ಮ್ಯಾಕ್ ಕೊಡಲು ಶುರು ಮಾಡಿತು. ಸಹಾಯ ಕೇಳಿ ಫೋನ್ ಮಾಡುವವರು ಮ್ಯಾಕ್ ಬಳಸುವವರಲ್ಲಿ ನೂರಕ್ಕೆ 5, ಪಿಸಿ ಬಳಸುವವರಲ್ಲಿ ನೂರಕ್ಕೆ 40 ಎಂದು ಅವರು ಹೇಳಿದರು. 2016ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ನಾಲ್ಕು ವರ್ಷದಲ್ಲಿ ಒಂದು ಮ್ಯಾಕ್‌ನಿಂದ ಪಿಸಿಗೆ ಹೋಲಿಸಿದರೆ 273ರಿಂದ 543 ಡಾಲರ್ ಉಳಿತಾಯ.

ಆದರೆ ಈ ಲೆಕ್ಕವನ್ನು ಹಾಗೇ ನಮ್ಮ ಊರಿಗೆ ತರಲು ಆಗುವುದಿಲ್ಲ. ಅಲ್ಲಿ ಉಳಿದಿದ್ದು ಬಹುಪಾಲು ರಿಪೇರಿ ಮಾಡುವವರ ಸಮಯ. ಅಮೆರಿಕದಲ್ಲಿ ಆ ಸಮಯ ದುಬಾರಿ. ನಮ್ಮಲ್ಲಿ ನನ್ನಂಥವರು ಬೈಕ್ ಹತ್ತಿ ಬಂದು 500 ರೂಪಾಯಿಗೆ ಸರಿ ಮಾಡಿ ಹೋಗುತ್ತಾರೆ.

ಇನ್ನೊಂದು ಮಾತು. ಈಗಿನ ಮ್ಯಾಕ್‌ಗಳಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವಾಗಲೇ 16 ಜಿಬಿ ಸಾಕಾ, 24 ಬೇಕಾ ತೀರ್ಮಾನ ಮಾಡಬೇಕು. ಕೆಟ್ಟರೆ ಬಿಡಿಭಾಗ ಪಕ್ಕದ ಅಂಗಡಿಯಲ್ಲಿ ಸಿಗುವುದಿಲ್ಲ. ನಿಮ್ಮ ಊರಿನಿಂದ ಅಧಿಕೃತ ಸರ್ವಿಸ್ ಸೆಂಟರ್ ಎಷ್ಟು ದೂರ, ಅಲ್ಲಿಗೆ ಯಾರು ಒಯ್ಯುತ್ತಾರೆ, ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನಲ್ಲಿರುವವರಿಗೆ ಇದು ತಲೆನೋವಲ್ಲ. ತೀರ್ಥಹಳ್ಳಿಯಲ್ಲಿರುವವರಿಗೆ ಬಸ್ಸಿನಲ್ಲಿ ಒಂದು ದಿನ ಹೋಯಿತು.

ಸೆಕೆಂಡ್ ಹ್ಯಾಂಡ್ ಮ್ಯಾಕ್ ತಗೊಳ್ಳುವವರು ಇಂಟೆಲ್ ಚಿಪ್ಪಿನದನ್ನು ಬಿಡಿ. ಆಪಲ್ ತನ್ನದೇ ಎಂ1 ಚಿಪ್ ತಂದಿದ್ದು 2020ರ ನವೆಂಬರ್‌ನಲ್ಲಿ. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಇಂಟೆಲ್ ಮ್ಯಾಕ್‌ಗಳಿಗೆ ಸಿಗುವ ಕೊನೆಯ ಆವೃತ್ತಿ. ಎಂ1ರಿಂದ ಈಚೆಗಿನದು ಸಿಕ್ಕರೆ ಮಾತ್ರ ನೋಡಿ.

ಮ್ಯಾಕ್‌ನಲ್ಲಿ ಟ್ಯಾಲಿ ನಡೆಯುತ್ತಾ? ಜಿಎಸ್‌ಟಿ ಸಹಿ ಹಾಕಲು ಆಗುತ್ತಾ?

ಟ್ಯಾಲಿ ಬೆಂಗಳೂರಿನದೇ ಕಂಪನಿ, 1986ರಿಂದ ಇದೆ. ಆದರೆ ಅದು ವಿಂಡೋಸ್‌ಗೆ ಮಾಡಿದ್ದು. ಮ್ಯಾಕ್‌ನಲ್ಲಿ ನೇರವಾಗಿ ಕೂರುವುದಿಲ್ಲ. ಮ್ಯಾಕ್ ಒಳಗೆ ಪ್ಯಾರಲಲ್ಸ್ ಎಂಬ ಪ್ರೋಗ್ರಾಮ್ ಹಾಕಿ ವಿಂಡೋಸ್ ಓಡಿಸಬಹುದು, ಇಲ್ಲವೇ ಕ್ಲೌಡ್‌ನಲ್ಲಿರುವ ಟ್ಯಾಲಿಯನ್ನು ಬ್ರೌಸರಿನಲ್ಲಿ ತೆರೆಯಬಹುದು. ಎರಡಕ್ಕೂ ಬೇರೆ ದುಡ್ಡು ಕಟ್ಟಬೇಕು. ಹಳೆಯ ಇಂಟೆಲ್ ಮ್ಯಾಕ್‌ನಲ್ಲಿ ನೇರವಾಗಿ ವಿಂಡೋಸ್ ಹಾಕಲು ಇದ್ದ ಬೂಟ್ ಕ್ಯಾಂಪ್ ಸೌಲಭ್ಯ ಹೊಸ ಚಿಪ್ಪಿನಲ್ಲಿ ಇಲ್ಲ.

ಸಹಿ ವಿಷಯಕ್ಕೆ ಬಂದರೆ, ನಿಮ್ಮದು ಒಬ್ಬರ ಹೆಸರಿನ ವ್ಯಾಪಾರವಾದರೆ ಮೊಬೈಲಿಗೆ ಬರುವ ಒಟಿಪಿ ಸಾಕು. ಯಾವ ಕಂಪ್ಯೂಟರ್ ಆದರೂ ನಡೆಯುತ್ತದೆ. ಕಂಪನಿ, ಎಲ್‌ಎಲ್‌ಪಿ ಆದರೆ ಡಿಜಿಟಲ್ ಸಿಗ್ನೇಚರ್ ಡಾಂಗಲ್ ಬೇಕು. ಅದರ ಡ್ರೈವರ್, ಸಹಿ ಮಾಡುವ ಚಿಕ್ಕ ಪ್ರೋಗ್ರಾಮ್ ಎಲ್ಲ ತಕರಾರಿಲ್ಲದೆ ಕೂರುವುದು ವಿಂಡೋಸ್‌ನಲ್ಲೇ. ದಿನಾ ಲೆಕ್ಕಪತ್ರ ಮಾಡುವ ಆಫೀಸ್‌ಗೆ ನಾನು ಮ್ಯಾಕ್ ಹೇಳುವುದಿಲ್ಲ. ಮಾಲೀಕರು ತಮ್ಮ ಟೇಬಲ್‌ಗೆ ಒಂದು ಇಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ.

ಲಿನಕ್ಸ್ ಬಿಟ್ಟಿ ಸಿಗುತ್ತಲ್ವಾ? ಎಲ್ಲರೂ ಯಾಕೆ ಹಾಕಿಕೊಳ್ಳುವುದಿಲ್ಲ?

ಲೈಸೆನ್ಸ್‌ಗೆ ದುಡ್ಡಿಲ್ಲ. ಆದರೆ ಕಲಿಯುವ ಸಮಯಕ್ಕೆ, ಫೈಲ್ ಬದಲಿಸುವ ಕೆಲಸಕ್ಕೆ ದುಡ್ಡಿದೆ.

ಪಕ್ಕದ ಕೇರಳ ನೋಡಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯಿಂದ ಶುರುವಾಗಿ ಇವತ್ತಿನ ಕೈಟ್ ಸಂಸ್ಥೆಯವರೆಗೆ ವರ್ಷಗಟ್ಟಲೆ ಲಿನಕ್ಸ್ ನಡೆಯುತ್ತಿದೆ. ಉಬುಂಟು ಎಂಬ ಲಿನಕ್ಸ್ ಮೇಲೆ ಕಟ್ಟಿದ ತಮ್ಮದೇ ಆವೃತ್ತಿ ಇಟ್ಟುಕೊಂಡಿದ್ದಾರೆ. ಮೇಷ್ಟ್ರುಗಳಿಗೆ ಮೊದಲು ತರಬೇತಿ ಕೊಟ್ಟರು, ಮಲಯಾಳ ಟೈಪಿಂಗ್ ಸರಿ ಮಾಡಿಕೊಂಡರು, ಪಾಠಪುಸ್ತಕವನ್ನೇ ಅದಕ್ಕೆ ತಕ್ಕಂತೆ ಬರೆದರು. ಅದಕ್ಕೇ ಗಟ್ಟಿಯಾಗಿ ಉಳಿಯಿತು.

ಜರ್ಮನಿಯ ಮ್ಯೂನಿಕ್ ನಗರಪಾಲಿಕೆಯ ಕಥೆ ಬೇರೆ. 2003ರಲ್ಲಿ ಲಿನಕ್ಸ್‌ಗೆ ಹೋಗುವ ತೀರ್ಮಾನ ಮಾಡಿದರು. 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್‌ಗಳು ಬದಲಾದವು. ಒಂದು ಕೋಟಿ ಯೂರೋಗೂ ಹೆಚ್ಚು ಉಳಿದಿದೆ ಎಂದು ಪಾಲಿಕೆ ಲೆಕ್ಕ ಕೊಟ್ಟಿತ್ತು. ಆದರೂ 2017ರಲ್ಲಿ ವಾಪಸ್ ವಿಂಡೋಸ್‌ಗೆ ಹೋಗಲು ಓಟು ಹಾಕಿದರು. ಹೊರಗಿನ ಆಫೀಸ್‌ಗಳಿಂದ ಬರುವ ಫೈಲ್‌ಗಳು, ವಿಂಡೋಸ್‌ನಲ್ಲೇ ನಡೆಯುವ ಕೆಲವು ಸಾಫ್ಟ್‌ವೇರ್‌ಗಳು ಸಿಬ್ಬಂದಿಗೆ ಕಾಟ ಕೊಟ್ಟಿದ್ದವು. ರಾಜಕೀಯವೂ ಇತ್ತು. ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಕಂಪ್ಯೂಟರ್‌ಗಳನ್ನು ಮೈಕ್ರೋಸಾಫ್ಟ್ ಆಫೀಸ್‌ನಿಂದ ಉಚಿತ ಲಿಬ್ರೆ ಆಫೀಸ್‌ಗೆ ಬದಲಿಸುವುದಾಗಿ ಹೇಳಿತು.

ನಮ್ಮ ಸಣ್ಣ ಆಫೀಸ್‌ಗಳಲ್ಲಿ ಲಿನಕ್ಸ್‌ಗೆ ಅಡ್ಡಿಯಾಗುವುದು ಹೆಚ್ಚಾಗಿ ಪ್ರಿಂಟರ್. ಎಲ್ಲ ಕಡೆ ಕಾಣುವ ಕೆಲವು ಹಳೆಯ ಸಣ್ಣ ಲೇಸರ್ ಪ್ರಿಂಟರ್‌ಗಳು ತಮ್ಮದೇ ಭಾಷೆಯಲ್ಲಿ ಮಾತಾಡುತ್ತವೆ. ಕಂಪನಿಯ ಡ್ರೈವರ್ ಇಲ್ಲದೆ ಒಂದು ಹಾಳೆಯೂ ಹೊರಗೆ ಬರುವುದಿಲ್ಲ. ಆ ಡ್ರೈವರ್ ಲಿನಕ್ಸ್‌ನಲ್ಲಿ ಕೂರಿಸುವುದು ಪ್ರಯಾಸ. ಹೊಸ ನೆಟ್‌ವರ್ಕ್ ಪ್ರಿಂಟರ್‌ಗಳಲ್ಲಿ ಈ ತೊಂದರೆ ಇಲ್ಲ. ಲಿನಕ್ಸ್ ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಏನೂ ಅಳಿಸದೆ, ಪ್ರಿಂಟರ್, ಸ್ಕ್ಯಾನರ್, ವೈಫೈ ಮೂರೂ ನಡೆಯುತ್ತವಾ ನೋಡಿ. ಅರ್ಧ ಗಂಟೆ ಕೆಲಸ.

ಸರಿಯಾಗಿ ಕೂತರೆ ಮಾತ್ರ ಅದರಷ್ಟು ಗಟ್ಟಿ ಇನ್ನೊಂದಿಲ್ಲ. ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ) ಆವೃತ್ತಿಗೆ ಐದು ವರ್ಷ ಅಪ್‌ಡೇಟ್ ಸಿಗುತ್ತದೆ. 24.04 ಹಾಕಿದರೆ 2029ರವರೆಗೆ ನೆಮ್ಮದಿ.

ಕನ್ನಡ ಟೈಪಿಂಗ್ ಯಾವುದರಲ್ಲಿ ಚೆನ್ನಾಗಿರುತ್ತೆ?

ಯುನಿಕೋಡ್‌ನಲ್ಲಿ, ಅಂದರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಪದ್ಧತಿಯಲ್ಲಿ ಬರೆಯುವವರಿಗೆ ಈಗ ಎಲ್ಲದರಲ್ಲೂ ಚೆನ್ನಾಗಿದೆ. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ಒಳಗೇ ಇದೆ, ಏನೂ ಡೌನ್‌ಲೋಡ್ ಮಾಡಬೇಕಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಮೇಲೆ ನಿಂತಿದ್ದು, ನುಡಿ ಕಲಿತ ಕೈಗಳಿಗೆ ತಕ್ಷಣ ಒಗ್ಗುತ್ತದೆ. ವಿಂಡೋಸ್ 10ಕ್ಕೆ 2019ರಲ್ಲಿ ಕನ್ನಡ ಫೋನೆಟಿಕ್ ಬಂತು. ಮ್ಯಾಕ್‌ನಲ್ಲೂ ಕನ್ನಡ ಕೀಲಿಮಣೆ ಜೊತೆಗೇ ಬರುತ್ತದೆ.

ತೊಂದರೆ ಇರುವುದು ಹಳೆಯ ಫೈಲ್‌ಗಳಲ್ಲಿ. ಇಪ್ಪತ್ತು ವರ್ಷದಿಂದ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿ ಮಾಡಿದ ಕೆಲಸ ಆಸ್ಕಿ ಎಂಬ ಹಳೆಯ ಪದ್ಧತಿಯಲ್ಲಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ಚುಕ್ಕೆ ಇಟ್ಟ ಹಾಗೆ ಏನೇನೋ ಕಾಣುತ್ತದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಗೊತ್ತೇ ಇಲ್ಲ. ನಮ್ಮ ಎಷ್ಟೋ ಪ್ರೆಸ್‌ಗಳು ಇನ್ನೂ ಅದರಲ್ಲೇ ನಡೆಯುತ್ತಿವೆ. ಅಂಥ ಪ್ರೆಸ್‌ಗೆ ವಿಂಡೋಸ್ ಬಿಟ್ಟು ಬೇರೆ ದಾರಿ ಸದ್ಯಕ್ಕಿಲ್ಲ.

ಆದರೆ ನನ್ನ ಕಳಕಳಿಯ ಮಾತು ಒಂದಿದೆ. ಹೊಸ ಕೆಲಸವನ್ನಾದರೂ ಯುನಿಕೋಡ್‌ನಲ್ಲಿ ಮಾಡಿ. ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡಿದರೆ ಒತ್ತಕ್ಷರ ಸರಿಯಾಗಿ ಕೂರುತ್ತವೆ. ದುಡ್ಡಿಲ್ಲದಿದ್ದರೆ ಅದೇ ಕೆಲಸದ ಸ್ಕ್ರೈಬಸ್ 1.6 ಉಚಿತವಾಗಿದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಕಡೆ ನಡೆಯುತ್ತದೆ. ಒಂದು ಊರಿನ ಜಾತ್ರೆ ಸ್ಮರಣ ಸಂಚಿಕೆ, ಒಬ್ಬ ಕವಿಯ ಮೊದಲ ಪುಸ್ತಕ, ಇವೆಲ್ಲ ಒಂದು ಹಳೆಯ ಫಾಂಟ್ ಒಳಗೆ ಸಿಕ್ಕಿಕೊಂಡು ಕೂರಬಾರದು. ಹತ್ತು ವರ್ಷ ಆದಮೇಲೆ ಅವರ ಮಕ್ಕಳು ಬಂದು ಕೇಳಿದಾಗ ತೆರೆದು ಕೊಡಲು ಆಗಬೇಕು.

ನಮ್ಮಲ್ಲಿ ಇನ್ನೂ ವಿಂಡೋಸ್ 10 ಇದೆ. ಈಗಲೇ ಬದಲಿಸಬೇಕಾ?

ವಿಂಡೋಸ್ 10ಕ್ಕೆ ಬೆಂಬಲ ನಿಂತಿದ್ದು 2025ರ ಅಕ್ಟೋಬರ್ 14ಕ್ಕೆ. ಮರುದಿನವೇ ಕಂಪ್ಯೂಟರ್ ನಿಲ್ಲುವುದಿಲ್ಲ. ಆದರೆ ಸುರಕ್ಷತೆಯಲ್ಲಿ ಹೊಸ ಬಿರುಕು ಕಂಡುಬಂದರೆ ತೇಪೆ ಸಿಗುವುದಿಲ್ಲ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಿಸ್ತರಣೆ ಕೊಟ್ಟರು. ಸಂಸ್ಥೆಗಳಿಗೆ ಮೊದಲ ವರ್ಷ ಒಂದು ಯಂತ್ರಕ್ಕೆ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು. ಅದನ್ನು ಕಟ್ಟುವ ಬದಲು ಹೊಸದಕ್ಕೆ ಹಾಕುವುದು ಮೇಲು.

ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಯಂತ್ರದಲ್ಲಿ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಪೀಳಿಗೆಯ ಚಿಪ್‌ನಿಂದ ಈಚೆಗಿನದು ಇರಬೇಕು. 6ನೇ, 7ನೇ ಪೀಳಿಗೆಯ ಚೆನ್ನಾಗಿರುವ ಯಂತ್ರಗಳು ತುಂಬ ಇವೆ. ಅವನ್ನು ಗುಜರಿಗೆ ಹಾಕಬೇಡಿ. ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಕೂರಿಸಿ. ಬಿಲ್ಲಿಂಗ್ ವೆಬ್‌ಸೈಟ್, ಇಮೇಲ್, ಕ್ಲಿನಿಕ್‌ನ ಅಪಾಯಿಂಟ್‌ಮೆಂಟ್ ಪಟ್ಟಿಗೆ ಇನ್ನೂ ನಾಲ್ಕು ವರ್ಷ ದುಡಿಯುತ್ತವೆ.

ಕ್ರೋಮ್‌ಬುಕ್ ಹೇಗೆ?

ಇದು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್. ಎಲ್ಲ ಕೆಲಸ ಬ್ರೌಸರಿನಲ್ಲೇ ನಡೆಯುತ್ತಿದ್ದರೆ, ಇಂಟರ್ನೆಟ್ ಗಟ್ಟಿಯಿದ್ದರೆ ಒಳ್ಳೆಯದು. ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿದೆ. ಆ ಹತ್ತು ವರ್ಷ ಮಾದರಿ ಹೊರಬಂದ ದಿನದಿಂದ ಶುರು, ನೀವು ಕೊಂಡ ದಿನದಿಂದಲ್ಲ. ಹಳೆಯ ಮಾದರಿಯನ್ನು ಆಫರ್‌ನಲ್ಲಿ ಕೊಟ್ಟರೆ ಆ ತಾರೀಖು ನೋಡಿ. ಟ್ಯಾಲಿ, ಡಾಂಗಲ್, ಡಿಟಿಪಿ (ಪುಟ ಜೋಡಿಸುವ ಕೆಲಸ) ಇದ್ದವರಿಗೆ ಇದು ಬೇಡ.

ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ತರಬಹುದಾ?

ತರಬಹುದು. ಬೆಂಗಳೂರಿನ ಐಟಿ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಿಸುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಥರದವು ಎಸ್‌ಪಿ ರೋಡಿಗೆ ಬರುತ್ತವೆ. ಇವು ಕೊಂಡಾಗ ದುಬಾರಿ ಯಂತ್ರಗಳು. ಬಿಡಿಭಾಗ ಸಿಗುತ್ತದೆ, ಹೆಚ್ಚಿನವುಗಳಲ್ಲಿ ಸ್ಕ್ರೂ ಬಿಚ್ಚಿದರೆ ರ‍್ಯಾಮ್ ಬದಲಿಸಬಹುದು. ಅದೇ ಬೆಲೆಗೆ ಸಿಗುವ ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ಇವನ್ನೇ ನಾನು ಆರಿಸುತ್ತೇನೆ.

ಅಂಗಡಿಯಲ್ಲೇ ನಿಂತು ನೋಡಿ. ಚಾರ್ಜರ್ ತೆಗೆದು 20 ನಿಮಿಷ ಓಡಿಸಿ, ಬ್ಯಾಟರಿ ಎಷ್ಟು ಇಳಿಯುತ್ತದೆ ಗಮನಿಸಿ. ಒಂದೊಂದೇ ಕೀ ಒತ್ತಿ. ಮುಚ್ಚಳದ ಕೀಲು ಸಡಿಲ ಇದೆಯಾ ನೋಡಿ. ಬಯಾಸ್ (ಆನ್ ಮಾಡಿದ ಕೂಡಲೇ, ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್) ತೆರೆದು ಹಳೆಯ ಕಂಪನಿಯ ಪಾಸ್‌ವರ್ಡ್ ಇಲ್ಲ ಎಂದು ಖಚಿತ ಮಾಡಿಕೊಳ್ಳಿ, ಅದಿದ್ದರೆ ಆಮೇಲೆ ಬಹಳ ಕಷ್ಟ. 8ನೇ ಪೀಳಿಗೆಗಿಂತ ಹಳೆಯದು ಬೇಡ. ಬಿಲ್ ಕೇಳಿ ತಗೊಳ್ಳಿ.

ನಿಜವಾಗಿ ಯಾವುದು ಕಡಿಮೆ ಕೆಡುತ್ತೆ?

ಒಳಗಿನ ಬಿಡಿಭಾಗಗಳು ಎಲ್ಲದರಲ್ಲೂ ಹತ್ತಿರ ಹತ್ತಿರ ಒಂದೇ ಥರದವು. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ಲಕ್ಷಗಟ್ಟಲೆ ಹಾರ್ಡ್ ಡಿಸ್ಕ್‌ಗಳನ್ನು ಓಡಿಸಿ, ಎಷ್ಟು ಕೆಟ್ಟವು ಅಂತ ಪ್ರಕಟಿಸುತ್ತದೆ. 2024ರಲ್ಲಿ ನೂರಕ್ಕೆ 1.57 ಕೆಟ್ಟವು. ಅದು ತಂಪಾದ, ಧೂಳಿಲ್ಲದ, ಕರೆಂಟ್ ಹೋಗದ ಕೋಣೆಯಲ್ಲಿ. ಪೇಪರ್ ಧೂಳು, ಮಲೆನಾಡಿನ ತೇವ, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಜಾಗದಲ್ಲಿ ಅಷ್ಟು ಒಳ್ಳೆಯ ಫಲ ಬರುವುದಿಲ್ಲ.

ಸಾಫ್ಟ್‌ವೇರ್‌ನಿಂದ ನಿಲ್ಲುವುದಕ್ಕೆ 2024ರ ಜುಲೈ 19 ದೊಡ್ಡ ಉದಾಹರಣೆ. ಕ್ರೌಡ್‌ಸ್ಟ್ರೈಕ್ ಎಂಬ ಸೆಕ್ಯುರಿಟಿ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್ ಫೈಲ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಎಷ್ಟೋ ಕಡೆ ಒಂದೊಂದೇ ಯಂತ್ರದ ಮುಂದೆ ಕೂತು ಆ ಫೈಲ್ ಅಳಿಸಬೇಕಾಯಿತು. ತಪ್ಪು ವಿಂಡೋಸ್‌ನದಲ್ಲ. ಆದರೆ ಎಲ್ಲ ಯಂತ್ರಗಳಲ್ಲೂ ಒಂದೇ ಸಾಫ್ಟ್‌ವೇರ್ ಇದ್ದರೆ ಎಲ್ಲವೂ ಒಟ್ಟಿಗೆ ಮಲಗುತ್ತವೆ.

ಹಾಗಾಗಿ ಐದು ಕಂಪ್ಯೂಟರ್ ಇರುವ ಆಫೀಸ್‌ಗೆ ನಾನು ಒಂದನ್ನು ಬೇರೆ ಥರದ್ದು ಇಡಲು ಹೇಳುತ್ತೇನೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಆದರೂ ಸಾಕು. ನಾಲ್ಕು ನಿಂತ ದಿನ ಇಮೇಲ್, ಬ್ಯಾಂಕ್, ಪೋರ್ಟಲ್ ಇದರಲ್ಲಿ ನಡೆಯುತ್ತವೆ.

ಕರೆಂಟ್, ಸಿಡಿಲು. ಇದಕ್ಕೆ ಏನು ಮಾಡುವುದು?

ನಮ್ಮ ಕಡೆ ಕಂಪ್ಯೂಟರ್ ಸಾಯುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಸಂಜೆ ಮೋಡ ಕಟ್ಟಿ ಸಿಡಿಲು ಬಂದಾಗ. ವಿಂಡೋಸ್, ಮ್ಯಾಕ್ ಅನ್ನುವ ಭೇದ ಸಿಡಿಲಿಗಿಲ್ಲ.

ಎಲ್ಲರೂ ಪ್ಲಗ್ ತೆಗೆಯುತ್ತಾರೆ, ಇಂಟರ್ನೆಟ್ ವೈರ್ ಮರೆಯುತ್ತಾರೆ. ನಾನು ಬಿಚ್ಚಿ ನೋಡಿದ ಒಂದು ಬೋರ್ಡ್‌ನಲ್ಲಿ ಲ್ಯಾನ್ ಪೋರ್ಟ್ ಪಕ್ಕದ ಚಿಪ್ ಮಾತ್ರ ಮಧ್ಯದಲ್ಲಿ ಸೀಳಿತ್ತು, ಸುತ್ತ ಮಸಿ. ಪವರ್ ಸಪ್ಲೈ ಚೆನ್ನಾಗೇ ಇತ್ತು. ಏಟು ಬಂದಿದ್ದು ರೂಟರ್ ಕಡೆಯಿಂದ. ತಾಮ್ರದ ವೈರ್ ಹೊರಗಿಂದ ಬರುತ್ತಿದ್ದರೆ ಗುಡುಗು ಕೇಳಿದ ಕೂಡಲೇ ಅದನ್ನೂ ತೆಗೆಯಿರಿ. ಫೈಬರ್ ಆದರೆ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೂ ರೂಟರ್‌ನ ಅಡಾಪ್ಟರ್ ತೆಗೆಯಿರಿ.

ಅರ್ತಿಂಗ್ ನೋಡಿಸಿ. ಎಲೆಕ್ಟ್ರಿಷಿಯನ್ ಕೈಲಿ ಮಲ್ಟಿಮೀಟರ್ ಇಟ್ಟು ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎಷ್ಟು ವೋಲ್ಟ್ ಇದೆ ಕೇಳಿ. ಎರಡು ಮೂರು ವೋಲ್ಟ್ ಒಳಗಿದ್ದರೆ ಸರಿ. ಹತ್ತು ಹದಿನೈದು ತೋರಿಸಿದರೆ ಹೊಸ ಕಂಪ್ಯೂಟರ್ ತರುವ ಮುಂಚೆ ಅದನ್ನು ಸರಿ ಮಾಡಿಸಿ. ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಬದಲಿಸಿದ ತಾರೀಖನ್ನು ಮಾರ್ಕರ್‌ನಲ್ಲಿ ಯುಪಿಎಸ್ ಮೇಲೇ ಬರೆಯಿರಿ.

ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ? ಕರೆಂಟ್ ಬಿಲ್ ವ್ಯತ್ಯಾಸ ಆಗುತ್ತಾ?

ಆಗುತ್ತದೆ, ಆದರೆ ಬಿಲ್ ನೋಡಿ ತೀರ್ಮಾನ ಮಾಡುವಷ್ಟಲ್ಲ. ಮಾನಿಟರ್ ಸೇರಿ 100 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ದಿನಾ 8 ಗಂಟೆ, 300 ದಿನ ಓಡಿದರೆ 240 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 1,920. ಲ್ಯಾಪ್‌ಟಾಪ್ 30 ವ್ಯಾಟ್ ಅಂದರೆ 72 ಯೂನಿಟ್, 576 ರೂಪಾಯಿ. ಕರೆಂಟ್ ಜಾಸ್ತಿ ಹೋಗುವ ಊರಿನಲ್ಲಿ ಲ್ಯಾಪ್‌ಟಾಪ್‌ಗೆ ಯುಪಿಎಸ್ ಬೇಡ ಅನ್ನುವುದು ಇದಕ್ಕಿಂತ ದೊಡ್ಡ ಲಾಭ. ಡೆಸ್ಕ್‌ಟಾಪ್‌ನ ಲಾಭ ರಿಪೇರಿಯಲ್ಲಿದೆ. ಕೆಟ್ಟ ಭಾಗ ಒಂದನ್ನೇ ಬದಲಿಸಿ ಅದೇ ದಿನ ಕೆಲಸ ಶುರು ಮಾಡಬಹುದು.

ಆಂಟಿವೈರಸ್‌ಗೆ ದುಡ್ಡು ಕೊಡಬೇಕಾ?

ಸಣ್ಣ ಆಫೀಸ್‌ಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. ಪೈರೇಟೆಡ್ ಸಾಫ್ಟ್‌ವೇರ್ ಹಾಕಬೇಡಿ. ಕ್ರ್ಯಾಕ್ ಫೈಲ್ ಹಾಕುವಾಗ ಆಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ. ಬಾಗಿಲು ತೆಗೆದಿಟ್ಟು ಬೀಗಕ್ಕೆ ದುಡ್ಡು ಕೊಟ್ಟು ಏನು ಬಂತು?

ಬ್ಯಾಕಪ್ ಹೇಗೆ ಇಡಬೇಕು?

ಎರಡು ಹೊರಗಿನ ಡಿಸ್ಕ್ ತಗೊಳ್ಳಿ. ಒಂದು ಆಫೀಸ್‌ನಲ್ಲಿ, ಒಂದು ಮನೆಯಲ್ಲಿ. ಪ್ರತಿ ಶನಿವಾರ ಅದಲು ಬದಲು ಮಾಡಿ. ಸದಾ ಸಿಕ್ಕಿಸಿಯೇ ಇಟ್ಟರೆ ವೈರಸ್ ಬಂದಾಗ, ಸಿಡಿಲು ಬಡಿದಾಗ ಅದೂ ಜೊತೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಅದರಿಂದ ಒಂದು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಿ ಕೂರಬೇಡಿ.

ತೆರಿಗೆಯಲ್ಲಿ ಏನಾದರೂ ಉಳಿಯುತ್ತಾ?

ಕಂಪ್ಯೂಟರ್ ಮೇಲೆ ಶೇ. 18 ಜಿಎಸ್‌ಟಿ ಇದೆ. ನೋಂದಣಿ ಇರುವ ವ್ಯಾಪಾರಿಗಳು ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ಮಾಡಿಸಿದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಅದು ಸಿಗುವುದಿಲ್ಲ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ಶೇ. 40 ಸವಕಳಿ ತೋರಿಸಬಹುದು. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ಅಂದರೆ ಮಾರ್ಚ್‌ಗೆ ಕಾಯದೆ ಸೆಪ್ಟೆಂಬರ್ ಒಳಗೆ ಕೊಂಡರೆ ಅನುಕೂಲ. ನಿಮ್ಮ ಆಡಿಟರ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ.

ಹೊಸದು ಬಂದ ಮೇಲೆ ಹಳೆಯದನ್ನು ಯಾವಾಗ ತೆಗೆಯಬೇಕು?

ಒಂದು ತಿಂಗಳು ಪೂರ್ತಿ ಪಕ್ಕದಲ್ಲೇ ಇಟ್ಟುಕೊಳ್ಳಿ. ಒಂದು ಜಿಎಸ್‌ಟಿ ರಿಟರ್ನ್, ಒಂದು ಸಂಬಳದ ಪಟ್ಟಿ, ಒಂದು ದೊಡ್ಡ ಪ್ರಿಂಟ್ ಕೆಲಸ ಹೊಸದರಲ್ಲಿ ಮುಗಿಯಲಿ. ಯಾವುದೋ ಫಾಂಟ್, ಯಾವುದೋ ಪಾಸ್‌ವರ್ಡ್ ಹಳೆಯದರಲ್ಲೇ ಉಳಿದಿರುವುದು ಆಗ ಗೊತ್ತಾಗುತ್ತದೆ. ಆಮೇಲೆ ಒಳಗಿನ ಡಿಸ್ಕ್ ಬಿಚ್ಚಿ, ಮೇಲೆ ವರ್ಷ ಬರೆದು ಬೀರುವಿನಲ್ಲಿಡಿ. ಉಳಿದ ಯಂತ್ರವನ್ನು ನೋಂದಣಿ ಇರುವ ಇ-ತ್ಯಾಜ್ಯದವರಿಗೆ ಕೊಡಿ. ಇನ್ನೂ ಓಡುವಂತಿದ್ದರೆ ಬೇರೆ ಡಿಸ್ಕ್ ಹಾಕಿ, ಲಿನಕ್ಸ್ ಕೂರಿಸಿ ಹತ್ತಿರದ ಸರ್ಕಾರಿ ಶಾಲೆಗೆ ಕೇಳಿ ನೋಡಿ. ಡಿಸ್ಕ್ ನೀವು ತಂದರೆ ಕೂರಿಸಿ ಕೊಡುವ ಕೆಲಸಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ.